ತೂ

ಆಗ ನಾನು ಗದಗದಿಂದ ಬಂದು ಏಳು ವಾರ.
ಸಮುದ್ರ ನೋಡಿದ್ದು ಎರಡೇ ಸಲ,
ಎರಡು ಸಲವೂ ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲಿ.
ತುಳುವಿನಲ್ಲಿ ಗೊತ್ತಿದ್ದದ್ದು ಒಂದೇ ಶಬ್ದ: ಬೇನೆ.
ನಮ್ಮ ಕಡೆ ಅದೇ ಬ್ಯಾನಿ.

ವಾರಿಜ ಮೆಂಡನ್, ನಲವತ್ತೊಂದು, ಬೆಂಗ್ರೆ.
ದೋಣಿಯಲ್ಲಿ ಹೊಳೆ ದಾಟಿಸಿ, ಬಂದರಿನಿಂದ ಆಟೊದಲ್ಲಿ ತಂದಿದ್ದರು.
ವಾಂತಿ, ಭೇದಿ.
ಮಂಗಳೂರಿನ ಮಳೆಗಾಲದಲ್ಲಿ ಇದಕ್ಕೆಲ್ಲ
ಯಾರು ತಲೆಯೆತ್ತಿ ನೋಡುತ್ತಾರೆ?
ಗ್ಲೂಕೋಸ್ ಏರಿಸಿ, ಹನ್ನೊಂದನೇ ಬೆಡ್ಡು ಎಂದೆ.

ಬೆಳಗಿನ ಜಾವ ನಾಡಿ ನಲವತ್ತನಾಲ್ಕು.
ಇಷ್ಟು ನೀರು ಕಳಕೊಂಡವಳ ನಾಡಿ ಓಡಬೇಕಿತ್ತು,
ಇದು ಊಟ ಮುಗಿಸಿದ ಗುಮಾಸ್ತನ ಹಾಗೆ ಬರುತ್ತಿತ್ತು.
ಹಲ್ಲು ಅಲ್ಲಾಡುತ್ತದೆ ಎಂದು ಸನ್ನೆ ಮಾಡಿದಳು.
ಹಿಡಿದು ನೋಡಿದೆ, ಗಟ್ಟಿ.
ತುಟಿಯ ಸುತ್ತ ಇರುವೆ ಎಂದಳು. ಇರುವೆ ಇರಲಿಲ್ಲ.
ಮಗಳು ಸ್ಟೀಲು ಲೋಟದಲ್ಲಿ ನೀರು ಕೊಟ್ಟಳು,
ಫ್ರಿಜ್ಜಿನದಲ್ಲ, ಬರೀ ನಳ್ಳಿಯದು.
ಲೋಟ ಹಾರಿತು.
'ತೂ!' ಅಂದಳು. 'ತೂ, ತೂ!'

ನಮ್ಮೂರಲ್ಲಿ ಹಾಗಂದರೆ ಮುಖಕ್ಕೆ ಉಗಿದ ಹಾಗೆ.
ಕೋಟಿನ ಅಂಚು ಹಿಂಡುತ್ತ ಕೇಸ್ ಶೀಟಿನಲ್ಲಿ ಬರೆದೆ:
ರೋಗಿ ಒರಟು. ನೀರು ನಿರಾಕರಿಸುತ್ತಾಳೆ.
ಮನೋವೈದ್ಯರಿಗೆ ತೋರಿಸುವುದು.
ನೀರಿಗೆ ಹೆದರುವ ಇನ್ನೊಂದು ರೋಗ ನೆನಪಾಗಿ
ಮೈಯೆಲ್ಲ ನಾಯಿಹಲ್ಲಿನ ಗುರುತು ಹುಡುಕಿದೆ.
ಕಾಲ್ಬೆರಳ ಸಂದಿಯಲ್ಲಿ ಸಿಕ್ಕಿದ್ದು ಮೀನಿನ ಹುರುಪೆ,
ಒಂದೇ ಒಂದು, ಕೆಂಪಗೆ, ಉಗುರಿನಷ್ಟು.
ಒರೆಸಿ ಬಿಸಾಕಿದೆ.

ಏಳಕ್ಕೆ ಸಿಸ್ಟರ್ ಸೆವ್ರಿನ್ ಬಂದರು.
ನಾನು ಬರೆದದ್ದು ಓದಿದರು, ನಗಲಿಲ್ಲ.
'ಡಾಕ್ಟ್ರೇ, ತೂ ಅಂದ್ರೆ ಬೆಂಕಿ.
ನೀರನ್ನು ಬೆಂಕಿ ಅಂತಿದ್ದಾಳೆ ಇವಳು.'

ಹನ್ನೆರಡು ವರ್ಷ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಒಡೆದ ಕೈ.
ತಣ್ಣಗೆ ಎಂದರೇನು ಎಂದು
ಅದಕ್ಕೆ ನಾನು ಹೇಳಿಕೊಡಬೇಕೆ?

ಮಗಳು, ಆರನೇ ಕ್ಲಾಸು,
ಯಾರೂ ಕೇಳದೆಯೇ ಬೆಕ್ಕಿನ ಸಂಗತಿ ತೆಗೆದಳು:
'ನಮ್ಮ ಪುಚ್ಚೆಯೂ ನಿನ್ನೆಯಿಂದ ಹಿಂಗಾಲು ಎಳೀತದೆ.
ಅದಕ್ಕೂ ತಲೆ ಹಾಕಿದ್ದೆವು.'
ಯಾವ ತಲೆ?
'ಕೆಂಬೇರಿಯದ್ದು. ಮಾಂಸ ಹಡಗಿನಲ್ಲಿ ಹೋಗ್ತದಲ್ಲ,
ತಲೆ ಫ್ಯಾಕ್ಟರಿಯವರು ಅಗ್ಗಕ್ಕೆ ಕೊಡ್ತಾರೆ.
ಗಸಿಗೆ ಒಳ್ಳೇದು.'

ಎಲ್ಲೋ ದೂರದ ಹವಳದ ಮೇಲೆ ಒಂದು ಪಾಚಿ.
ಅದನ್ನು ಸಣ್ಣ ಮೀನು, ಸಣ್ಣದನ್ನು ದೊಡ್ಡದು.
ಹುಣಸೆಗೆ ಬಗ್ಗದು, ಕುದಿಗೆ ಬಗ್ಗದು,
ರುಚಿಯಿಲ್ಲ, ವಾಸನೆಯಿಲ್ಲ.
ನರದೊಳಗೆ ಹೊಕ್ಕು ಬಾಗಿಲ ಬೋರ್ಡು ಬದಲಿಸುತ್ತದೆ ಅಷ್ಟೆ:
ತಣ್ಣಗಿನ ಕೋಣೆಗೆ ಸುಡುವುದರ ಹೆಸರು.
ಹೀಗೆ ಪುಸ್ತಕ ಹೇಳಿತು, ನಾಲ್ಕೇ ಸಾಲಿನಲ್ಲಿ,
ಕೊನೆಯ ಸಾಲು: ಮದ್ದಿಲ್ಲ, ಕಾಯುವುದು.

ಮಧ್ಯಾಹ್ನದ ದೋಣಿಯಲ್ಲಿ ಅದೇ ಓಣಿಯಿಂದ ಮತ್ತೆ ನಾಲ್ವರು.
ಬೆಂಚಿನಲ್ಲಿ ಸಾಲಾಗಿ ಕೂತು
ನಳ್ಳಿಯ ನೀರನ್ನು ಉಫ್ ಉಫ್ ಎಂದು ಊದಿ ಊದಿ ಕುಡಿದರು.

ಕೇಸ್ ಶೀಟನ್ನು ಅಳಿಸುವಂತಿಲ್ಲ, ಅದು ನಿಯಮ.
ಒಂದು ಗೀಟು ಎಳೆದು, ಪಕ್ಕಕ್ಕೆ ಸಹಿ ಹಾಕಬೇಕು,
ಹೊಡೆದದ್ದೇನೆಂದು ಓದಲು ಬರುವ ಹಾಗೆ.
ಎಳೆದೆ. ಓದಲು ಬರುತ್ತಿತ್ತು.

ಚಳಿಗಾಲದಲ್ಲಿ ಧಕ್ಕೆಗೆ ಹೋದಾಗ ಸಿಕ್ಕಳು,
ರಬ್ಬರ್ ಗ್ಲೋಸು, ಅದರ ಮೇಲೆ ಗಂಡನ ಹಳೇ ಕಾಲುಚೀಲ,
ಮಂಜುಗಡ್ಡೆ ಒಡೆಯುತ್ತ.
ಇನ್ನೂ ಉಂಟಾ ಎಂದೆ. ಸಂಜೆ ಮೇಲೆ ಸ್ವಲ್ಪ, ಎಂದಳು.
ಬೆಕ್ಕು?
ಅದು ಹೋಯಿತು.
ಆಮೇಲೆ ನನ್ನ ಅಂಗೈ ಬಿಡಿಸಿ
ಚೂರು ಐಸು ಇಟ್ಟು, 'ತೂಲೆ' ಅಂದಳು.
ಅದಕ್ಕೆ ನೋಡಿ ಎಂದರ್ಥ, ಅಷ್ಟು ಹೊತ್ತಿಗೆ ಕಲಿತಿದ್ದೆ.

ನೋಡಿದೆ. ತಣ್ಣಗಿತ್ತು.
ದೋಣಿಯವನು ಎರಡು ಸಲ ಕೂಗಿದ.
ಬಿಡದೆ ಹಿಡಿದದ್ದಕ್ಕೋ ಏನೋ,
ಆಮೇಲೆ ತಣ್ಣಗಿರಲಿಲ್ಲ.